ಹೋಗುವ ಹೊಲಿಗೆ, ಬರುವ ಹೊಲಿಗೆ

ನನ್ನ ಲ್ಯಾಪ್‌ಟಾಪ್‌ನಲ್ಲಿ ‘ಕಥೆ ಹೊಸದು 3’ ಅಂತ ಒಂದು ಫೈಲ್ ಇದೆ. 14 ತಿಂಗಳಿಂದ ಅದರಲ್ಲಿ ಹೆಚ್ಚೂಕಡಿಮೆ 1,140 ಪದಗಳೇ ಇದ್ದವು. ಪ್ರತಿ ಶನಿವಾರ ರಾತ್ರಿ ಊಟ ಮುಗಿಸಿ ಅದನ್ನು ತೆರೆಯುತ್ತಿದ್ದೆ. ಮೊದಲ ಪ್ಯಾರಾ ಓದುತ್ತಿದ್ದೆ. ‘ನಿಂತಿದ್ದ’ ಎನ್ನುವುದನ್ನು ‘ನಿಂತುಕೊಂಡಿದ್ದ’ ಎಂದು ಮಾಡುತ್ತಿದ್ದೆ. ಮುಂದಿನ ಶನಿವಾರ ಅದನ್ನೇ ಮತ್ತೆ ‘ನಿಂತಿದ್ದ’ ಮಾಡುತ್ತಿದ್ದೆ. ಆಮೇಲೆ ಒಂದು ಚಹಾ. ಆಮೇಲೆ ಮೊಬೈಲು. ಹನ್ನೊಂದೂವರೆಗೆ ಎಲ್ಲ ಮುಚ್ಚಿಟ್ಟು, ಇದು ನನ್ನ ಕೈಲಿ ಆಗುವ ಕೆಲಸವಲ್ಲ ಅಂದುಕೊಂಡು ಮಲಗುತ್ತಿದ್ದೆ. ಆ ಮೊದಲ ಪ್ಯಾರಾ ಮಾತ್ರ ತಿಕ್ಕಿ ತಿಕ್ಕಿ ತಳ ಸವೆದ ಪಾತ್ರೆಯ ಹಾಗಾಗಿತ್ತು. ಚೆನ್ನಾಗಿ ಹೊಳೆಯುತ್ತಿತ್ತು, ನೀರು ನಿಲ್ಲುತ್ತಿರಲಿಲ್ಲ.

ನಾನು ದೊಡ್ಡ ಬರಹಗಾರನೇನೂ ಅಲ್ಲ. ಐದು ಕಥೆ ಅಚ್ಚಾಗಿವೆ. ಅದರಲ್ಲಿ ಒಂದಕ್ಕೆ ದೀಪಾವಳಿ ಕಥಾಸ್ಪರ್ಧೆಯೊಂದರಲ್ಲಿ ಮೆಚ್ಚುಗೆ ಬಹುಮಾನ ಬಂತು. ಅದು ಬಂದದ್ದೇ ತಪ್ಪಾಯಿತೇನೋ ಅಂತ ಒಮ್ಮೊಮ್ಮೆ ಅನಿಸುತ್ತದೆ. ಅಲ್ಲಿಯವರೆಗೆ ಯಾರೂ ನನ್ನನ್ನು ‘ಹೊಸದೇನು ಬರೆದ್ರಿ?’ ಅಂತ ಕೇಳಿರಲಿಲ್ಲ. ಆಮೇಲೆ ಮದುವೆ ಮನೆಯ ಪಂಕ್ತಿಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಕೊನೆಗೆ ಹಲ್ಲಿನ ಡಾಕ್ಟರ ಹತ್ತಿರವೂ ಕೇಳಿಸಿಕೊಂಡೆ. ಡಾಕ್ಟರು ಕೇಳಿದಾಗ ಬಾಯಲ್ಲಿ ಹತ್ತಿ ಇತ್ತು. ಆವತ್ತು ಉತ್ತರ ಹೇಳುವ ಕಷ್ಟ ತಪ್ಪಿತು.

ಬರೆಯೋದು ನಿಂತಾಗ ಎಲ್ಲರೂ ಮೊದಲು ಹೇಳುವುದು ಸ್ಫೂರ್ತಿಯ ಮಾತು. ಎಲ್ಲಾದರೂ ಹೋಗಿ ಬನ್ನಿ, ಓದಿ, ಜನರ ನಡುವೆ ಇರಿ. ನಾನೂ ಇದನ್ನೆಲ್ಲ ಮಾಡಿದೆ. ಆದರೆ ನನಗೆ ಸ್ಫೂರ್ತಿಯ ಬರ ಬಂದಿರಲೇ ಇಲ್ಲ. ಮೊಬೈಲಿನ ನೋಟ್ಸ್‌ನಲ್ಲಿ 200ಕ್ಕೂ ಜಾಸ್ತಿ ಟಿಪ್ಪಣಿಗಳಿವೆ. ‘ಕೆ.ಆರ್. ಮಾರ್ಕೆಟ್. ಹೂವಿನವಳ ಕೈ ಗಿಡ್ಡ. ಮೊಳಕ್ಕೆ ನಾಲ್ಕು ಹೂ ಉಳಿತಾಯ.’ ‘ಸಾವಿನ ಮನೆ. ಹೊರಗೆ ನೂರು ಜೋಡಿ ಚಪ್ಪಲಿ. ಒಬ್ಬ ಬೇರೆಯವರದ್ದು ಹಾಕಿಕೊಂಡು ಹೋದ.’ ‘ಹುಬ್ಬಳ್ಳಿ ಬಸ್. ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಚಿಲ್ಲರೆ ಬರೆದುಕೊಟ್ಟ. ಮುದುಕಿ ಇಳಿದು ಹೋದಳು, ಕೇಳಲಿಲ್ಲ.’ ಈ ಮೂರನೆಯದೇ ‘ಕಥೆ ಹೊಸದು 3’ ಆಗಿದ್ದು. ನಿವೃತ್ತನಾದ ಒಬ್ಬ ಕಂಡಕ್ಟರ್. ಯಾವತ್ತೋ ಒಬ್ಬ ಹೆಂಗಸಿಗೆ 37 ರೂಪಾಯಿ ಕೊಡುವುದು ಬಾಕಿ ಉಳಿದಿದೆ. ಬರೆದ ಟಿಕೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಅವನು ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ ಅವಳಿಗಾಗಿ ಕಾಯುತ್ತಾನೆ. ಹೊಳೆದ ದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ಇಂಥ ಕಥೆ ಸಿಕ್ಕಿದ ಮೇಲೆ 14 ತಿಂಗಳು ಯಾಕೆ ಬೇಕು?

ದಿನವಿಡೀ ತಪ್ಪು ಹುಡುಕುವವನು

ನನ್ನ ಹೊಟ್ಟೆಪಾಡಿನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಕಟ್ಟಿದ್ದರಲ್ಲಿ ಎಲ್ಲಿ ಬಿರುಕಿದೆ ಅಂತ ನೋಡುವುದು. ಪಿನ್‌ಕೋಡ್ ಜಾಗದಲ್ಲಿ ಹೆಸರು ತುಂಬುವುದು, ಒಂದೇ ಬಟನ್ನನ್ನು ಹತ್ತು ಸಲ ಒತ್ತುವುದು, ಹಣ ಕಟ್ಟುವ ಹೊತ್ತಿಗೆ ಸರಿಯಾಗಿ ವೈಫೈ ಆರಿಸುವುದು. ಇದರಲ್ಲಿ ನಾನು ಜಾಣ ಅಂತಲೇ ಹೆಸರು. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಏಳರವರೆಗೆ ಅನುಮಾನಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಸಿಲ್ಕ್ ಬೋರ್ಡ್ ದಾಟಿ ಮನೆಗೆ ಬರುವಷ್ಟರಲ್ಲಿ ಆ ಚಾಳಿ ಬಿಟ್ಟುಹೋಗುತ್ತದೆಯೇ? ನನ್ನದೇ ವಾಕ್ಯದ ಮುಂದೆ ಕುಳಿತಾಗಲೂ ಅದೇ ಕಣ್ಣು.

ತುಂಬ ದಿನ ಹಾಗೇ ನಂಬಿಕೊಂಡಿದ್ದೆ. ನೌಕರಿ ನನ್ನ ಬರವಣಿಗೆಯನ್ನು ತಿಂದಿತು, ಅನುಮಾನದ ರೋಗ ಅಂಟಿಸಿತು ಅಂತ. ಹೇಳಿಕೊಳ್ಳಲು ಚೆನ್ನಾಗಿಯೂ ಇತ್ತು. ಕೇಳಿದವರು ಅಯ್ಯೋ ಅನ್ನುತ್ತಿದ್ದರು. ಅದು ಸುಳ್ಳು ಅಂತ ಗೊತ್ತಾಗಿದ್ದು ಹೋದ ಸಂಕ್ರಾಂತಿಗೆ ಧಾರವಾಡಕ್ಕೆ ಹೋದಾಗ, ಒಂದು ಟ್ರಂಕಿನೊಳಗಿನ ಬಟ್ಟೆ ನೋಡಿ. ಅದಕ್ಕೆ ಮೊದಲು ಆ ಬಟ್ಟೆಯ ಕಥೆ ಹೇಳಬೇಕು.

ಪ್ಲಾಸ್ಟರಿನ ಬೇಸಿಗೆ

ನಾಲ್ಕನೇ ಇಯತ್ತೆ ಪರೀಕ್ಷೆ ಮುಗಿದ ವಾರವೇ ಹುಣಸೆ ಮರದಿಂದ ಬಿದ್ದು ಕಾಲು ಮುರಿದುಕೊಂಡೆ. ಆರು ವಾರ ಪ್ಲಾಸ್ಟರು. ಅವ್ವ ಶಾಲೆಯ ಪೇಪರ್ ತಿದ್ದುವ ಕೆಲಸದಲ್ಲಿದ್ದಳು. ನನ್ನನ್ನು ಹೊಸಯಲ್ಲಾಪುರದಲ್ಲಿದ್ದ ದೊಡ್ಡವ್ವನ ಮನೆಗೆ ತಂದು ಹಾಕಿದರು. ಹೊರಗೆ ಹುಡುಗರು ಗೋಲಿ ಆಡುವ ಸದ್ದು. ಒಳಗೆ ನಾನು, ಪ್ಲಾಸ್ಟರೊಳಗೆ ತುರಿಸಿಕೊಳ್ಳಲು ಒಂದು ಹೆಣಿಗೆ ಕಡ್ಡಿ, ಮತ್ತು ದೊಡ್ಡವ್ವ. ಮಧ್ಯಾಹ್ನದ ಪಾತ್ರೆ ಮುಗಿದ ಮೇಲೆ ಅವಳು ಬಾಗಿಲ ಬೆಳಕಿಗೆ ಕುಳಿತು ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುತ್ತಿದ್ದಳು. ಯಾರದೋ ಮದುವೆಯ ಸೀರೆ. ನಾನು ದಿನಾ ಅಳುವುದನ್ನು ನೋಡಿ ನೋಡಿ ಬೇಜಾರಾಗಿರಬೇಕು. ಒಂದು ದಿನ ದಪ್ಪ ಎಳೆಯ ಒಂದು ತುಂಡು ಬಟ್ಟೆ, ಒಂದು ಸೂಜಿ, ಕೆಂಪು ದಾರ ತಂದು ಎದುರಿಗಿಟ್ಟಳು.

“ಕಾಲು ಮುರದೈತಿ, ಕೈ ಅಲ್ಲ. ಹಿಡಿ.”

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಪೆನ್ಸಿಲ್ ಇಲ್ಲ, ಅಚ್ಚಿಲ್ಲ. ಬಟ್ಟೆಯ ಎಳೆ ಎಣಿಸುತ್ತ ಹೋಗುವುದೇ ಚಿತ್ರ. ಗಂಟು ಹಾಕುವ ಹಾಗೂ ಇಲ್ಲ. ದಾರದ ಬಾಲವನ್ನು ಬೆರಳಲ್ಲಿ ಒತ್ತಿ ಹಿಡಿದು ಶುರು ಮಾಡಿ, ಆಮೇಲೆ ಹೊಲಿಗೆಯ ಕೆಳಗೆ ಸಿಕ್ಕಿಸಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ನನಗೆ ಕಲಿಸಿದ್ದು ಗವಂತಿ ಒಂದೇ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಹಾಗೇ ಕೊನೆಯವರೆಗೆ ಹೋಗುವುದು. ಆಮೇಲೆ ಬಂದ ದಾರಿಯಲ್ಲೇ ವಾಪಸ್ ಬರುತ್ತ, ಹೋಗುವಾಗ ಖಾಲಿ ಬಿಟ್ಟ ಜಾಗಗಳನ್ನು ತುಂಬುವುದು. ವಾಪಸ್ ಬಂದು ಮುಟ್ಟಿದಾಗ ಗೆರೆ ಪೂರ್ತಿಯಾಗುತ್ತದೆ. ಬಟ್ಟೆ ತಿರುಗಿಸಿದರೆ ಹಿಂದೆಯೂ ಅದೇ ಚಿತ್ರ ಇರುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಹೇಳಲಿಕ್ಕಾಗುವುದಿಲ್ಲ.

ನನಗೆ ಗೋಪುರ ಬೇಕು ಅಂತ ಹಟ ಹಿಡಿದೆ. ಕಲಿಯುವವರಿಗೆ ಸಣ್ಣ ಚೌಕವೋ ನಕ್ಷತ್ರವೋ ಸಾಕು. ಆದರೂ ದೊಡ್ಡವ್ವ ಬೇಡ ಅನ್ನಲಿಲ್ಲ. ನಾಲ್ಕು ದಿನ ಹೊಲಿದೆ. ಐದನೇ ದಿನ ಬಟ್ಟೆಯನ್ನು ಕೈದೂರ ಹಿಡಿದು ನೋಡಿದೆ. ಗೋಪುರ ಎಲ್ಲೂ ಇರಲಿಲ್ಲ. ಇರುವೆ ಸಾಲು ಚೆದುರಿದ ಹಾಗೆ ಕೆಂಪು ಚುಕ್ಕಿಗಳಷ್ಟೇ ಇದ್ದವು. ಎಲ್ಲೋ ಎಣಿಕೆ ತಪ್ಪಿದ್ದೇನೆ ಅಂತ ಖಾತ್ರಿಯಾಯಿತು. ಎಲ್ಲಿ ಅಂತ ಗೊತ್ತಿಲ್ಲ, ಆದರೆ ತಪ್ಪಿದ್ದಂತೂ ಹೌದು ಅನಿಸಿತು. ಬಟ್ಟೆ ಮುದ್ದೆ ಮಾಡಿ ಎಸೆದು ಅತ್ತೆ. ದೊಡ್ಡವ್ವ ತನ್ನ ಸೆರಗಿನಿಂದ ತಲೆ ಎತ್ತಲೇ ಇಲ್ಲ.

“ಹೋಗೂ ಹೊಲಿಗಿ ಹಿಂಗ ಕಾಣತೈತಿ. ಬರೂ ಮುಂದ ತುಂಬತೈತಿ.”

“ಇಲ್ಲ, ನಂದು ತಪ್ಪೈತಿ.”

“ಎಲ್ಲಿ?”

“ಗೊತ್ತಿಲ್ಲ.”

“ಮತ್ತ ತಪ್ಪೈತಂತ ಹೆಂಗ ಗೊತ್ತಾತು? ಸಂಶೆ ಬಂದ್ರ ಎಣಸು. ಅಳೂದ್ಯಾಕ?”

ಎಣಿಸಿದೆ. ಪ್ಲಾಸ್ಟರ್ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಸರಿಸುತ್ತ. ಅರ್ಧ ಮಧ್ಯಾಹ್ನ ಹೋಯಿತು. ಎರಡನೇ ಅಂತಸ್ತಿನ ಎಡಮೂಲೆಯಲ್ಲಿ ನಾಲ್ಕರ ಬದಲು ಐದು ಎಳೆ ಹಿಡಿದಿದ್ದೆ. ತಪ್ಪು ಅದೊಂದೇ. ಉಳಿದದ್ದೆಲ್ಲ ಸರಿ ಇತ್ತು. ನನಗೆ ಆವತ್ತು ಆದ ಖುಷಿ ಈಗಲೂ ನೆನಪಿದೆ. ತಪ್ಪು ಸಿಕ್ಕಿತು ಅನ್ನುವ ಖುಷಿ ಅದು. ನಾನು ಟೆಸ್ಟರ್ ಆಗಿದ್ದು ನೌಕರಿ ಸಿಕ್ಕಿದ ದಿನವಲ್ಲ, ಆ ಮಧ್ಯಾಹ್ನವೇ ಅಂತ ಈಗ ಅನಿಸುತ್ತದೆ. ದೊಡ್ಡವ್ವ ಬಂದು ನೋಡಿದಳು. ಅಲ್ಲಿಯವರೆಗೆ ಬಿಚ್ಚು ಅಂದಳು. ಎರಡು ದಿನದ ಕೆಲಸ ಅದು. ನಾನು ಮುಖ ಸಣ್ಣ ಮಾಡಿದೆ. ಅವಳಿಗೆ ಅದು ಅರ್ಥವೇ ಆಗಲಿಲ್ಲ. ಅವಳು ತನ್ನ ಸೆರಗಿನಲ್ಲಿ ದಿನಾ ಬಿಚ್ಚುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರಾ? ಅಷ್ಟೇ ಸಹಜವಾಗಿ.

(ಆ ಗೋಪುರ ಮುಗಿಯಲಿಲ್ಲ. ಹೋಗುವ ಹೊಲಿಗೆ ಮುಗಿಯಿತು, ಬರುವ ಹೊಲಿಗೆ ಶುರುವಾಗುವ ಮುಂಚೆ ಪ್ಲಾಸ್ಟರು ಬಿಚ್ಚಿದರು. ಓಣಿಯ ಹುಡುಗನೊಬ್ಬ ನನ್ನ ಕೈಯಲ್ಲಿ ಸೂಜಿ ನೋಡಿ ಒಂದು ಅಡ್ಡ ಹೆಸರು ಇಟ್ಟಿದ್ದ. ಅದನ್ನು ಇಲ್ಲಿ ಬರೆಯುವುದಿಲ್ಲ. ಸೂಜಿ ಮುಟ್ಟಿದ್ದು ಅದೇ ಕೊನೆ.)

ರೇಡಿಯೋದಲ್ಲಿ ಹಾಡಿದ ‘ಅಜ್ಜ’

ಆ ಬೇಸಿಗೆಯದೇ ಇನ್ನೊಂದು ನೆನಪು. ಸಂಜೆ ದೊಡ್ಡವ್ವ ಧಾರವಾಡ ಆಕಾಶವಾಣಿ ಹಚ್ಚುತ್ತಿದ್ದಳು. ಒಂದು ದಿನ ಯಾರೋ ಹಾಡುತ್ತಿದ್ದರು. ಗಟ್ಟಿ ದನಿ, ನೆಲದೊಳಗಿನಿಂದ ಎದ್ದು ಬಂದ ಹಾಗೆ. ‘ಈ ಅಜ್ಜ ಯಾರು?’ ಅಂತ ಕೇಳಿದೆ. ದೊಡ್ಡವ್ವ ಸೂಜಿ ಕೆಳಗಿಟ್ಟು ನಕ್ಕಳು. ಅದು ಅಜ್ಜ ಅಲ್ಲ, ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಅಂದಳು. ನಾನು ನಂಬಲಿಲ್ಲ.

ಗಂಗೂಬಾಯಿ ಹಾನಗಲ್ ಅವರ ದನಿ ಮೊದಲು ಹಾಗಿರಲಿಲ್ಲ. ಶುರುವಿನ ಗ್ರಾಮಫೋನ್ ತಟ್ಟೆಗಳಲ್ಲಿ ಅವರ ಹೆಸರು ಗಾಂಧಾರಿ. ಆ ದನಿ ತೆಳು, ಎತ್ತರದ್ದು. ಗಂಟಲಿನ ತೊಂದರೆಗೆ ಚಿಕಿತ್ಸೆ ಆದ ಮೇಲೆ ಅದು ಬದಲಾಯಿತು, ತಗ್ಗಿನ ಸ್ಥಾಯಿಗೆ ಇಳಿಯಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ, ಸವಾಯಿ ಗಂಧರ್ವರ ಎದುರು ಕುಳಿತು ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಗಾಯನ ಕಲಿತವರು ಅವರು. ಆಮೇಲೆ ಆ ಹೊಸ ದನಿಯಲ್ಲೇ ದಶಕಗಟ್ಟಲೆ ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂತು. ನಾವೆಲ್ಲ ಇದನ್ನು ಗೆಲುವಿನ ಕಥೆಯಾಗಿಯೇ ಹೇಳುತ್ತೇವೆ. ದನಿ ಹೋಯಿತು, ಅದಕ್ಕಿಂತ ದೊಡ್ಡ ದನಿ ಬಂತು ಅಂತ. ಹೇಳುವವರಿಗೆ ಕೊನೆ ಗೊತ್ತಿರುತ್ತದೆ, ಅದಕ್ಕೇ ಸುಲಭ.

ನನ್ನನ್ನು ಕಾಡುವುದು ನಡುವಿನ ದಿನಗಳು. ತಂಬೂರಿ ಹಿಡಿದು ಕುಳಿತಾಗ, ಮೊದಲು ಸಲೀಸಾಗಿ ಮುಟ್ಟುತ್ತಿದ್ದ ಸ್ವರಕ್ಕೆ ದನಿ ಏರದೆ ನಿಂತ ಬೆಳಗುಗಳು. ಮುಂದೆ ಪದ್ಮವಿಭೂಷಣ ಇದೆ ಅಂತ ಆ ಬೆಳಗಿಗೆ ಗೊತ್ತಿರುವುದಿಲ್ಲ ಅಲ್ವಾ? ಆದರೂ ಒಂದು ವಿಷಯ ಗಮನಿಸಿ. ಹಾಡುವವರಿಗೆ ಅನುಮಾನ ಬಂದರೆ ಷಡ್ಜ ಇದೆ, ಆಧಾರದ ‘ಸ’ ಸ್ವರ. ತಂಬೂರಿ ಮೀಟಿದರೆ ಅದು ಅಲ್ಲೇ ಇರುತ್ತದೆ. ದನಿ ಅದಕ್ಕೆ ಕೂಡುತ್ತದೆ ಅಥವಾ ಕೂಡುವುದಿಲ್ಲ. ಅದು ಕಿವಿಗೆ ಗೊತ್ತಾಗುತ್ತದೆ. ಕಸೂತಿಗೆ ಎಳೆ ಇದೆ. ಕಥೆ ಬರೆಯುವವನು ಏನನ್ನು ಎಣಿಸಬೇಕು?

ಟಿಕೆಟ್ ಯಾರ ಹತ್ತಿರ ಇತ್ತು?

ಸಂಕ್ರಾಂತಿಗೆ ಹೋದಾಗ ದೊಡ್ಡವ್ವನಿಗೆ ಎರಡೂ ಕಣ್ಣಿನ ಪೊರೆ ತೆಗೆಸಿ ನಾಲ್ಕು ತಿಂಗಳಾಗಿತ್ತು. ಟಿವಿ ಕಾಣುತ್ತದೆ, ಎಳೆ ಕಾಣುವುದಿಲ್ಲ. ಎಳ್ಳು ಬೆಲ್ಲ ತಿಂದು ಕುಳಿತಾಗ ಟ್ರಂಕು ತೆಗಿ ಅಂದಳು. ಹಳೆಯ ಖಣಗಳು, ಯಾರದೋ ಚಂದ್ರಕಾಳಿ ಸೀರೆಯ ಅಂಚು, ನ್ಯಾಪ್ತಲಿನ್ ವಾಸನೆ. ತಳದಲ್ಲಿ ನನ್ನ ಗೋಪುರದ ಬಟ್ಟೆ. ಅಂಚು ಹಳದಿಯಾಗಿದೆ, ಕೆಂಪು ಹಾಗೇ ಇದೆ. ಇಷ್ಟು ವರ್ಷ ಅದನ್ನು ಎಸೆಯದೆ ಇಟ್ಟಿದ್ದಳು. ‘ಅರ್ಧಾ ಬಿಟ್ಟಿದ್ದಿ’ ಅಂತ ಅಷ್ಟೇ ಹೇಳಿದಳು. ಬೈದಿದ್ದೋ, ಸುಮ್ನೆ ಹೇಳಿದ್ದೋ ತಿಳಿಯಲಿಲ್ಲ. ಚುಕ್ಕಿಗಳ ಸಾಲನ್ನು ಬೆರಳಿನಿಂದ ಸವರುತ್ತ ಹೋದಳು. ಆಮೇಲೆ ಎದ್ದು ಚಹಾ ಇಡಲಿಕ್ಕೆ ಹೋದಳು.

ಬೆಂಗಳೂರಿಗೆ ವಾಪಸ್ ಬಂದ ಶನಿವಾರ ಮತ್ತೆ ಅದೇ ಫೈಲ್ ತೆರೆದೆ. ಮತ್ತೆ ಅದೇ ದನಿ, ಇದು ಸರಿ ಇಲ್ಲ, ನಿನ್ನಿಂದ ಆಗೋದಿಲ್ಲ. ನಗು ಬಂತು. ಯಾಕೆಂದರೆ ಆಫೀಸಿನಲ್ಲಿ ಯಾರಾದರೂ ಹೊಸ ಹುಡುಗ ‘ಸರಿ ಇಲ್ಲ’ ಅಂತ ಬಗ್, ಅಂದರೆ ಸಿಕ್ಕ ತಪ್ಪಿನ ವರದಿ, ಬರೆದರೆ ನಾನೇ ಅದನ್ನು ವಾಪಸ್ ಕಳಿಸುತ್ತೇನೆ. ಯಾವ ಪುಟ? ಏನು ಒತ್ತಿದೆ? ಏನಾಗಬೇಕಿತ್ತು, ಏನಾಯಿತು? ಇದಿಲ್ಲದಿದ್ದರೆ ಅದು ಬಗ್ ಅಲ್ಲ, ಗೊಣಗಾಟ. ದೊಡ್ಡವ್ವ ಅಂದು ಕೇಳಿದ್ದೂ ಅದನ್ನೇ. ಎಲ್ಲಿ? ಅಂದರೆ ನನ್ನ ನೌಕರಿ ಬರವಣಿಗೆಯನ್ನು ತಿಂದಿರಲಿಲ್ಲ. ಆಫೀಸಿನಲ್ಲಿ ಪಾಲಿಸುವ ಶಿಸ್ತನ್ನು ನಾನು ಮನೆಯ ಮೇಜಿಗೆ ತಂದೇ ಇರಲಿಲ್ಲ. ಅಲ್ಲಿ ಟೆಸ್ಟರ್ ಆಗಿದ್ದವನು ಇಲ್ಲಿ ಬರೀ ಗೊಣಗುತ್ತಿದ್ದೆ.

ಒಂದು ಹಾಳೆ ತೆಗೆದುಕೊಂಡು ನನ್ನ ಕಥೆಗೇ ಬಗ್ ಬರೆಯತೊಡಗಿದೆ. ಮೊದಲಿನವು ಚಿಲ್ಲರೆ. ಎರಡನೇ ಪ್ಯಾರಾದಲ್ಲಿ ಮಳೆ, ನಾಲ್ಕನೆಯದರಲ್ಲಿ ಅದೇ ದಿನ ಧೂಳು. ಕಂಡಕ್ಟರನ ಹೆಂಡತಿ ಒಂದು ಕಡೆ ಸತ್ತಿದ್ದಾಳೆ, ಇನ್ನೊಂದು ಕಡೆ ರೊಟ್ಟಿ ಬಡಿಯುತ್ತಿದ್ದಾಳೆ. ಇದು ಫ್ಲ್ಯಾಷ್‌ಬ್ಯಾಕ್ ಅಂತ ನಾನು ಅಂದುಕೊಂಡಿದ್ದೆ, ಓದಿದರೆ ದೆವ್ವದ ಕಥೆಯ ಹಾಗಿತ್ತು. ಆರನೆಯ ಬಗ್ ಬರೆಯುವಾಗ ಪೆನ್ನು ನಿಂತಿತು. ಬಾಕಿ ಬರೆದ ಟಿಕೆಟ್ ಕಂಡಕ್ಟರನ ಜೇಬಿನಲ್ಲಿ ಹೇಗೆ ಬಂತು? ಟಿಕೆಟ್ಟಿನ ಹಿಂದೆ ಬರೆದುಕೊಡುವುದೇ ಪ್ರಯಾಣಿಕರ ಕೈಗೆ, ಇಳಿಯುವಾಗ ತೋರಿಸಿ ಇಸಕೊಳ್ಳಲಿ ಅಂತ. ಟಿಕೆಟ್ ಅವಳ ಹತ್ತಿರ ಇರಬೇಕು. ಅವನ ಹತ್ತಿರ ಏನೂ ಇರುವುದಿಲ್ಲ. ಬಸ್ಸು ಹತ್ತಿದ ಯಾರಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ನನ್ನದೇ ಟಿಪ್ಪಣಿಯಲ್ಲಿ ‘ಬರೆದುಕೊಟ್ಟ’ ಅಂತಲೇ ಇದೆ!

ನಾಲ್ಕರ ಬದಲು ಐದು ಎಳೆ. 14 ತಿಂಗಳು ನನ್ನನ್ನು ತಡೆದಿದ್ದು ಇದೇ. ಮನಸ್ಸಿನ ಯಾವುದೋ ಮೂಲೆಗೆ ಇದು ಕಂಡಿತ್ತು, ಆದರೆ ಅದಕ್ಕೆ ಹೇಳಲು ಬರಲಿಲ್ಲ. ಅದು ಎಚ್ಚರಿಸಿದ್ದು ಕಥೆಯ ಬಗ್ಗೆ, ನಾನು ಕೇಳಿಸಿಕೊಂಡಿದ್ದು ನನ್ನ ಬಗ್ಗೆ. ‘ಟಿಕೆಟ್ ತಪ್ಪು ಜೇಬಿನಲ್ಲಿದೆ’ ಅನ್ನುವುದು ನನ್ನ ಕಿವಿಗೆ ಬರುವಷ್ಟರಲ್ಲಿ ‘ನೀನು ಬರಹಗಾರನಲ್ಲ’ ಅಂತ ಆಗಿರುತ್ತಿತ್ತು. ಎರಡನೆಯದನ್ನು ನಂಬುವುದು ಸುಲಭ, ಯಾಕೆಂದರೆ ಅದನ್ನು ನಂಬಿದರೆ ಮಲಗಬಹುದು. ಮೊದಲನೆಯದನ್ನು ಕೇಳಿಸಿಕೊಂಡರೆ ಬಿಚ್ಚಬೇಕು.

ಎಲ್ಲ ಅನುಮಾನವೂ ಹೀಗೆ ಎಣಿಕೆಗೆ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ಇಷ್ಟೊಂದು ಕಥೆಗಳಿರುವ ಭಾಷೆಯಲ್ಲಿ ನನ್ನದೊಂದು ಯಾಕೆ ಬೇಕು ಅನ್ನುವುದಕ್ಕೆ ಎಳೆ ಇಲ್ಲ. ಅದನ್ನೂ ಹಾಳೆಯ ಮೇಲೆ ಬರೆದು ನೋಡಿದೆ. ಯಾವ ಪುಟ ಅಂತ ತುಂಬಲಿಕ್ಕೆ ಆಗಲಿಲ್ಲ. ಒಂದು ಮಾತ್ರ ಗಮನಕ್ಕೆ ಬಂತು. ಈ ಪ್ರಶ್ನೆ ರಾತ್ರಿ ಹನ್ನೊಂದರ ಮೇಲೆ ಬರುತ್ತದೆ. ಭಾನುವಾರ ಬೆಳಿಗ್ಗೆ ದೋಸೆ ತಿಂದ ಮೇಲೆ ಒಮ್ಮೆಯೂ ಬಂದಿಲ್ಲ. ಅದಕ್ಕೆ ಈಗ ಬರೆಯುವ ಹೊತ್ತನ್ನು ಬೆಳಿಗ್ಗೆಗೆ ಹಾಕಿಕೊಂಡಿದ್ದೇನೆ. ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ, ಅದು ಏಳುವ ಮೊದಲು ನಾನು ಎದ್ದಿರುತ್ತೇನೆ ಅಷ್ಟೇ.

ತಪ್ಪು ಸಿಕ್ಕಿದ್ದೇನೋ ಆಯಿತು, ಸರಿ ಮಾಡುವುದು ಹೇಗೆ? ಎರಡು ವಾರ ಒದ್ದಾಡಿದೆ. ಟಿಕೆಟ್ ಸೀಟಿನ ಕೆಳಗೆ ಬಿದ್ದಿತ್ತು ಅಂತ ಮಾಡಿದೆ. ಸಿನಿಮಾ ಆಯಿತು. ಅವನು ಡೈರಿಯಲ್ಲಿ ಬರೆದಿಟ್ಟಿದ್ದ ಅಂತ ಮಾಡಿದೆ. ಅಂಥ ಕಂಡಕ್ಟರನನ್ನು ನಾನೇ ನಂಬಲಿಲ್ಲ. ಕೊನೆಗೆ ದೊಡ್ಡವ್ವನಿಗೆ ಫೋನ್ ಮಾಡಿದಾಗ, ಬೇರೆ ಮಾತೆಲ್ಲ ಮುಗಿದ ಮೇಲೆ, ಕಥೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಮಧ್ಯೆ ಒಮ್ಮೆ ಕುಕ್ಕರ್ ಆರಿಸಲಿಕ್ಕೆ ಹೋಗಿ ಬಂದಳು.

“ಅಂವಗ ಹೆಂಗ ನೆನಪಿರತೈತೋ ತಮ್ಮಾ? ದಿನಾ ಎಷ್ಟು ಮಂದಿಗೆ ಬರದು ಕೊಟ್ಟಿರತಾನ. ಕೊಡೂದು ಯಾರಿಗೆ ನೆನಪಿರತೈತಿ? ತಗೊಳ್ಳೂದು ನೆನಪಿರತೈತಿ. ಲೈನ್ ಬಜಾರದಾಗ ಬಳಿ ಅಂಗಡಿಯಂವ ನನಗ ಎಂಟಾಣೆ ಕೊಡೂದೈತಿ, ನಿಮ್ಮವ್ವನ ಲಗ್ನದ್ದು.”

ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಮೇಲೆ ಫೈಲ್ ತೆರೆದು ಮೊದಲ ಪ್ಯಾರಾ ಅಳಿಸಿದೆ, ಆ ಹೊಳೆಯುತ್ತಿದ್ದ ಪ್ಯಾರಾ. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ, ಅಲ್ಲ, ನಿಂತುಕೊಂಡಿದ್ದ ಕಂಡಕ್ಟರ್ ಹೋದ. 1,140 ಇದ್ದದ್ದು 600ಕ್ಕೆ ಇಳಿಯಿತು. ಗೋಪುರದ ಬಟ್ಟೆಯನ್ನೂ ದೊಡ್ಡವ್ವ ಕಟ್ಟಿಕೊಟ್ಟಿದ್ದಾಳೆ, ಕೆಂಪು ದಾರದ ಒಂದು ಲಡಿಯ ಜೊತೆ. ಅದು ಮೇಜಿನ ಡ್ರಾಯರಿನಲ್ಲಿದೆ, ಇನ್ನೂ ತೆಗೆದಿಲ್ಲ. ಕಥೆ ಈಗ ಒಬ್ಬ ಹೆಂಗಸಿನಿಂದ ಶುರುವಾಗುತ್ತದೆ. ಪರ್ಸಿನೊಳಗೆ ಮಾಸಿದ ಟಿಕೆಟ್ ಇಟ್ಟುಕೊಂಡು ಖಾಕಿ ಅಂಗಿ ಕಂಡಲ್ಲೆಲ್ಲ ಮುಖ ನೋಡುತ್ತಾಳೆ. ಅವಳಿಗೆ ಇನ್ನೂ ಹೆಸರಿಟ್ಟಿಲ್ಲ.